ಗೋಡೆಯ ಮೇಲಿನ ಜರ್ಮನ್ ಬಾಕು

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆಯ ಹೋಂಸ್ಟೇ ಮಾಲೀಕ ಮಿತ್ರರಿಗೆ,



ಹೋದ ವರ್ಷ ಆಷಾಢದಲ್ಲಿ ಕೊಟ್ಟಿಗೆಹಾರದ ಹತ್ತಿರ ನಿಮ್ಮಲ್ಲೇ ಒಬ್ಬರ ಮನೆಗೆ ಹೋಗಿದ್ದೆ. ಮೂರು ದಿನದಿಂದ ಕರೆಂಟಿಲ್ಲ, ಹೊರಗೆ ಧೋ ಎಂದು ಮಳೆ. ಜಗಲಿಯ ಗೋಡೆಯಲ್ಲಿ ಹಳೆಯ ಲಾಟೀನಿಗೂ ಭತ್ತದ ಕೊಳಗಕ್ಕೂ ನಡುವೆ ಒಂದು ಬಾಕು ತೂಗುತ್ತಿತ್ತು. ಹಿತ್ತಾಳೆಯ ಚಿಪ್ಪು, ಕೊಂಬಿನ ಹಿಡಿ, ಅಲಗಿನ ಮೇಲೆ ಓಡುವ ಜಿಂಕೆ, ಅದರ ಹಿಂದೆ ಎರಡು ನಾಯಿ. ಕೆಳಗೊಂದು ಫಲಕ: ‘ಜರ್ಮನ್ ಬೇಟೆ ಬಾಕು, 1850’.

“ದೊರೆಗಳ ಕಾಲದ್ದು. ಯಾವನೋ ಜರ್ಮನ್ ಶಿಕಾರಿ ಕುದುರೆಮುಖದ ಕಡೆ ಬಂದವನು ಬಿಟ್ಟುಹೋದದ್ದಂತೆ. ನಲವತ್ತು ಸಾವಿರಕ್ಕೆ ಸಿಕ್ಕಿತು” ಎಂದರು ಮನೆಯವರು. ಸಿಕ್ಕಿದ್ದು ಎಲ್ಲಿ ಎಂದರೆ, ಕಾರಿನಲ್ಲಿ ಸಾಮಾನು ಹೇರಿಕೊಂಡು ಬಂದ ಒಬ್ಬ ಆಂಟಿಕ್ ವ್ಯಾಪಾರಿಯ ಹತ್ತಿರ.

ಕೆಳಗಿಳಿಸಿ ಟಾರ್ಚ್ ಹಾಕಿ ನೋಡಿದೆ. ಹಿಡಿಯ ಬುಡದಲ್ಲಿ, ಚಿಪ್ಪಿನ ಮರೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರ: ‘ರೋಸ್ಟ್‌ಫ್ರೈ’. ತುಕ್ಕು ಹಿಡಿಯದ್ದು ಎಂದು ಆ ಜರ್ಮನ್ ಪದದ ಅರ್ಥ. ನಾವು ಸ್ಟೇನ್‌ಲೆಸ್ ಸ್ಟೀಲ್ ಎನ್ನುವುದನ್ನು ಜರ್ಮನಿಯ ಕ್ರುಪ್ ಕಂಪನಿ ಪೇಟೆಂಟ್ ಮಾಡಿಸಿದ್ದು 1912ರಲ್ಲಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಅಂಥದ್ದೇ ಉಕ್ಕು ಕರಗಿಸಿದ್ದು 1913ರಲ್ಲಿ. 1850ರ ಬಾಕು ತನಗಿಂತ ಅರವತ್ತು ವರ್ಷ ಆಮೇಲೆ ಹುಟ್ಟಿದ ಉಕ್ಕಿನಿಂದ ಆಗಿತ್ತು! ಹೇಳಿದೆ. ಮನೆಯವರು ಸ್ವಲ್ಪ ಹೊತ್ತು ಮಳೆ ನೋಡಿದರು. ಆಮೇಲೆ, “ಇರ್ಲಿ ಬಿಡಿ ಮಾರಾಯ್ರೇ, ಬಂದವರು ಫೋಟೊ ತೆಗೀತಾರೆ” ಎಂದರು.

ಈ ಪತ್ರ ಬರೆಯುವಂತೆ ಮಾಡಿದ್ದು ಆ ಮಾತು. ಆಮೇಲೆ ಕಣ್ಣಿಟ್ಟು ನೋಡುತ್ತ ಬಂದೆ. ಇನ್ನೂ ನಾಲ್ಕು ಕಡೆ ಇಂಥವೇ ಕಂಡವು. ಬಾಳೂರು ಕಡೆಯದೊಂದು, ಕಳಸದ ಆಚೆಯದೊಂದು, ಎರಡರ ಚಿಪ್ಪಿನಲ್ಲೂ ಜಿಂಕೆಯ ಎಡಗೊಂಬಿನ ತುದಿ ಒಂದೇ ಜಾಗದಲ್ಲಿ ಮುರಿದಿತ್ತು. ಒಂದೇ ಅಚ್ಚಿನಲ್ಲಿ ಎರೆದ ಒಡಹುಟ್ಟುಗಳು. ಮೆಣಸಿನ ಚೀಲಕ್ಕೆ ಕೈ ಹಾಕಿದ ಕೂಡಲೇ ಪರಂಗಿ ಬೀಜ ಬೆರೆತಿದೆಯೇ ಇಲ್ಲವೇ ಹೇಳುವವರು ನೀವು. ಕಾಫಿ ಬೇಳೆ ಹಲ್ಲಿನಲ್ಲಿ ಕಚ್ಚಿ ಒಣಗಿದೆಯೋ ಇಲ್ಲವೋ ತೀರ್ಮಾನಿಸುವವರು. ಅದೇ ಕಣ್ಣು, ಅದೇ ಕೈ ಇಲ್ಲಿ ಯಾಕೆ ಮಂಕಾಗುತ್ತದೆ?

ಮೊದಲು ಅಸಲಿ ಎಂದರೆ ಏನು ಅಂತ ಹೇಳಿಬಿಡುತ್ತೇನೆ. ಜರ್ಮನ್ನರ ಬೇಟೆ ಬಾಕಿಗೆ ಅವರಲ್ಲಿ ‘ಹಿರ್ಷ್‌ಫೆಂಗರ್’ ಎನ್ನುತ್ತಾರೆ. ಜಿಂಕೆ ಹಿಡಿಯುವುದು ಎಂದರ್ಥ. ಹದಿನೆಂಟನೆಯ ಶತಮಾನದಲ್ಲಿ ಗಾಯಗೊಂಡ ಜಿಂಕೆಯನ್ನೋ ಹಂದಿಯನ್ನೋ ಕೊನೆಗಾಣಿಸಲು ಇಟ್ಟುಕೊಳ್ಳುತ್ತಿದ್ದ, ಒಂದೂವರೆ ಅಡಿಯಿಂದ ಎರಡಡಿ ಅಲಗಿನ ನೆಟ್ಟಗಿನ ಆಯುಧ. ಕೋವಿ ಸುಧಾರಿಸಿದ ಹಾಗೆ ಅದರ ಕೆಲಸ ಕಮ್ಮಿಯಾಯಿತು, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅದು ಅಲ್ಲಿನ ಅರಣ್ಯಾಧಿಕಾರಿಗಳ ಸಮವಸ್ತ್ರದ ಭಾಗವಾಯಿತು. ಹಿಡಿಯ ಮೇಲೆ ಓಕ್ ಮರದ ಕಾಯಿಯ ಆಕಾರದ ಮೊಳೆತಲೆಗಳು, ಅಡ್ಡಪಟ್ಟಿಯ ತುದಿಗೆ ಗೊರಸು, ಅಲಗಿನ ಕಡೆಗೆ ಬಾಗಿದ ಚಿಪ್ಪು, ಇದೆಲ್ಲ ಅದರ ಅಲಂಕಾರ. ಅಲಗಿನ ಉದ್ದಕ್ಕೂ ಇರುವ ಕಾಲುವೆಯನ್ನು ತೋರಿಸಿ ‘ರಕ್ತ ಹರಿಯಲಿಕ್ಕೆ’ ಎಂದು ವ್ಯಾಪಾರಿ ದನಿ ತಗ್ಗಿಸಿ ಹೇಳುತ್ತಾನಲ್ಲ, ಅದು ಬರೀ ತೂಕ ಇಳಿಸುವ ಉಪಾಯ. ನಮ್ಮ ಆಚಾರ್ರೂ ಬಲ್ಲರು.

ಇಂಥದ್ದು ನಮ್ಮ ಗುಡ್ಡಕ್ಕೆ ಬಂದಿರಲು ಸಾಧ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಬ್ರಿಟಿಷ್ ಇಂಡಿಯಾದ ಅರಣ್ಯ ಇಲಾಖೆಯ ಮೊದಲ ಮೂವರು ಇನ್‌ಸ್ಪೆಕ್ಟರ್ ಜನರಲ್‌ಗಳು ಜರ್ಮನ್ನರೇ: 1864ರಲ್ಲಿ ಅಧಿಕಾರ ವಹಿಸಿಕೊಂಡ ಡೀಟ್ರಿಷ್ ಬ್ರಾಂಡಿಸ್, ಆಮೇಲೆ ಶ್ಲಿಷ್, ಆಮೇಲೆ ರಿಬ್ಬೆನ್‌ಟ್ರಾಪ್. ಘಾಟಿಯ ಕೆಳಗೆ ಮಂಗಳೂರಿನಲ್ಲಿ 1834ರಿಂದಲೇ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳಿದ್ದರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗೆಲ್ ಜರ್ಮನ್. ಹಾಗಾಗಿ ಕತೆ ಕಟ್ಟಲು ವ್ಯಾಪಾರಿಗೆ ಸಾಮಗ್ರಿ ಬೇಕಾದಷ್ಟಿದೆ. ಆದರೆ ಪಾದ್ರಿಗಳು ತಂದದ್ದು ಅಚ್ಚುಮೊಳೆ ಮತ್ತು ಹೆಂಚಿನ ಅಚ್ಚು, ಬೇಟೆ ಬಾಕಲ್ಲ. ನಮ್ಮ ತೋಟಗಳ ದೊರೆಗಳು ಹೆಚ್ಚಿನವರು ಇಂಗ್ಲಿಷರು, ಸ್ಕಾಟರು. ಮಂಜರಾಬಾದಿನಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1894ರಲ್ಲಿ ಚಿನ್ನ, ಶಿಕಾರಿ, ಕಾಫಿ ಮೂರನ್ನೂ ಸೇರಿಸಿ ಮೈಸೂರಿನ ಬಗ್ಗೆ ಪುಸ್ತಕವನ್ನೇ ಬರೆದ. ಶಿಕಾರಿ ಅವರಿಗೆ ಕಾಫಿಯಷ್ಟೇ ಮುಖ್ಯವಾಗಿತ್ತು. ಅಂಥವರ ಸೊಂಟದಲ್ಲಿ ಏನಿರುತ್ತಿತ್ತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ಇಷ್ಟು ಇಟ್ಟುಕೊಳ್ಳಿ: ಕತೆಗೆ ಒಂದು ಕಾಗದ, ಒಂದು ಹಳೆಯ ಫೋಟೊ, ಒಂದು ಮನೆತನದ ಹೆಸರು ಇಲ್ಲದಿದ್ದರೆ ಆ ಕತೆಗೆ ಕಾಸು ಕೊಡಬೇಡಿ. ಕೊಡುವುದಿದ್ದರೆ ಲೋಹಕ್ಕೆ ಕೊಡಿ.

ಲೋಹದ ವಿಷಯಕ್ಕೆ ಬಂದರೆ ನಮ್ಮಷ್ಟು ಬಲ್ಲವರು ಯಾರಿದ್ದಾರೆ? ತುಕ್ಕು ಮಲೆನಾಡಿನವನ ದಾಯಾದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪೆಟ್ಟಿಗೆಯ ಬೀಗ, ಕೋವಿಯ ನಳಿಗೆ, ಕೊಡಲಿ ಎಲ್ಲವನ್ನೂ ಅದು ತಿನ್ನುವುದನ್ನು ಕಂಡವರು ನಾವು. ಅಸಲಿ ತುಕ್ಕು ಒಂದೇ ಸಮ ಬರುವುದಿಲ್ಲ. ಹೆಬ್ಬೆರಳು ಇಡುವ ಜಾಗ ನಯವಾಗಿರುತ್ತದೆ. ಬಟ್ಟೆ ಒರೆಸಲಾಗದ ಸಂದಿಯಲ್ಲಿ, ಚಿಪ್ಪಿನ ಅಡಿಯಲ್ಲಿ, ಕಪ್ಪು ಗಟ್ಟಿ ಪದರ. ಅಲಗಿನ ನಡುವೆ ದ್ವೀಪಗಳ ಹಾಗೆ ಅಲ್ಲಲ್ಲಿ ಆಳದ ಗುಳಿ, ಅವುಗಳ ಮಧ್ಯೆ ಇನ್ನೂ ಬೆಳ್ಳಗಿರುವ ಉಕ್ಕು. ಆಸಿಡ್ ಬಳಿದು ತರಿಸಿದ ತುಕ್ಕು ಮರಳುಕಾಗದದ ಹಾಗೆ, ಎಲ್ಲ ಕಡೆ ಒಂದೇ ಒರಟು, ಒಂದೇ ಬಣ್ಣ. ಸಿಡುಬಿನ ಕಲೆಗೂ ಮುಖಕ್ಕೆ ಬಳಿದ ಬಣ್ಣಕ್ಕೂ ಇರುವಷ್ಟು ವ್ಯತ್ಯಾಸ.

ಮೋಸ ಎಷ್ಟು ಸುಲಭ ಎಂದು ತಿಳಿಯಲು ನಾನೇ ಒಮ್ಮೆ ಮಾಡಿ ನೋಡಿದೆ. ಸಂತೆಯಲ್ಲಿ ಕೊಂಡ ಹೊಸ ಚೂರಿಯನ್ನು ಅಡಿಕೆ ಬೇಯಿಸಿದ ಚೊಗರಿನಲ್ಲಿ ಒಂದು ರಾತ್ರಿ ಅದ್ದಿಟ್ಟೆ. ಬೆಳಿಗ್ಗೆ ಕಪ್ಪಗೆ ನೀಲಿ ಛಾಯೆ. ಚೊಗರಿನಲ್ಲಿರುವ ಒಗರಿನ ಅಂಶ ಕಬ್ಬಿಣದ ಜೊತೆ ಸೇರಿದರೆ ಶಾಯಿಯ ಹಾಗೆ ಕಪ್ಪಾಗುತ್ತದೆ; ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಉಪಾಯದಿಂದ. ಆಮೇಲೆ ಹದಿನೈದು ದಿನ ಗೊಬ್ಬರದ ಗುಂಡಿಯಲ್ಲಿ ಹೂತೆ. ಹೊರತೆಗೆದಾಗ ಚೂರಿ ನನ್ನ ಮುತ್ತಜ್ಜನಿಗಿಂತ ಹಳತಾಗಿತ್ತು. ಮನೆಗೆ ಬಂದ ನೆಂಟರೊಬ್ಬರು “ಟಿಪ್ಪು ಕಾಲದ್ದಾ?” ಎಂದು ಕೇಳಿದರು. ಆದರೆ ಭೂತಗನ್ನಡಿ ಹಿಡಿದು ನೋಡಿದರೆ ಗುಟ್ಟು ಬಯಲು: ಕಪ್ಪು ಬಣ್ಣ ಕಂಪನಿಯ ಹೆಸರು ಕೊರೆದ ಗೆರೆಗಳ ತಳದಲ್ಲೂ, ಮೊಳೆಯ ತಲೆಯಲ್ಲೂ, ಹೊಸ ಮಸೆಗಲ್ಲಿನ ಗೀರಿನ ಮೇಲೂ ಒಂದೇ ಹದವಾಗಿ ಕೂತಿತ್ತು. ನೂರು ವರ್ಷ ಹೀಗೆ ಪಂಕ್ತಿಭೇದ ಮಾಡದೆ ಬಡಿಸುವುದಿಲ್ಲ.

ಇದರ ತಿರುವುಮುರುವು ಪರೀಕ್ಷೆಯೂ ಉಂಟು. ಕೆಲವು ಸಲ ಅಲಗು ನಿಜವಾಗಿ ಹಳತೇ ಇರುತ್ತದೆ, ಬೆಲೆ ಏರಿಸಲು ಮೇಲಿನ ಜಿಂಕೆ, ನಾಯಿ, ರಾಜಮುದ್ರೆಯನ್ನು ಆಮೇಲೆ ಕೆತ್ತಿಸಿರುತ್ತಾರೆ. ಆಗ ಸುತ್ತಲಿನ ಮೈ ಕಂದಾಗಿದ್ದು ಗೆರೆಯ ತಳ ಬೆಳ್ಳಗೆ ಮಿನುಗುತ್ತದೆ, ಅಥವಾ ತುಕ್ಕಿನ ಗುಳಿಯ ಒಳಗೂ ಗೆರೆ ಇಳಿದಿರುತ್ತದೆ. ಮೊದಲು ಚಿತ್ರ, ಆಮೇಲೆ ತುಕ್ಕು ಬರಬೇಕು. ಗುಳಿ ಗೆರೆಯನ್ನು ನುಂಗಬೇಕೇ ಹೊರತು ಗೆರೆ ಗುಳಿಯನ್ನು ದಾಟಬಾರದು.

ಇನ್ನು ಕೈಯ ಪರೀಕ್ಷೆ. ಬಡಿದು ಮಾಡಿದ ಅಲಗು ಹಿಡಿಯ ಹತ್ತಿರ ದಪ್ಪ, ತುದಿಗೆ ಹೋಗುತ್ತ ತೆಳು. ಎರಡು ಬೆರಳ ನಡುವೆ ಜಾರಿಸಿದರೆ ಗೊತ್ತಾಗುತ್ತದೆ. ಅಗ್ಗದ ನಕಲು ಉಕ್ಕಿನ ಹಾಳೆಯಿಂದ ಕತ್ತರಿಸಿದ್ದು, ಬುಡದಿಂದ ತುದಿಯವರೆಗೆ ಒಂದೇ ದಪ್ಪ, ಹಿಡಿದರೆ ಮುಂದಕ್ಕೆ ವಾಲುತ್ತದೆ. ಹಿತ್ತಾಳೆ ಚಿಪ್ಪನ್ನು ಹಳೆಯ ಕೆಲಸಗಾರ ಎರಕ ಹೊಯ್ದ ಮೇಲೆ ಉಳಿಯಲ್ಲಿ ಕೆತ್ತಿ ಚೊಕ್ಕ ಮಾಡುತ್ತಿದ್ದ. ನಾಯಿಯ ಕಿವಿ ನಾಯಿಯ ಕಿವಿಯಂತೆಯೇ ಕಾಣುತ್ತದೆ. ಹಳೆಯ ಚಿಪ್ಪಿನಿಂದ ಅಚ್ಚು ತೆಗೆದು ಹೊಯ್ದ ನಕಲಿನಲ್ಲಿ ಎಲ್ಲವೂ ಸಾಬೂನು ಕರಗಿದ ಹಾಗೆ ಮೊಂಡು. ಲೋಹ ತಣಿಯುವಾಗ ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಸ್ಟಾರ್ ಸ್ಕ್ರೂ ಕಂಡರಂತೂ ಮುಂದೆ ನೋಡುವುದೇ ಬೇಡ. ಅದು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ.

ಒರೆಯನ್ನು ಯಾರೂ ನೋಡುವುದಿಲ್ಲ, ನನಗೆ ಅದೇ ಇಷ್ಟ. ತೊಗಲು ಮತ್ತು ಹಿತ್ತಾಳೆ ಬಹುಕಾಲ ಒಟ್ಟಿಗಿದ್ದರೆ ಸೇರುವಲ್ಲಿ ಹಸಿರು ಕಿಲುಬು ಮೇಣದ ಹಾಗೆ ಕಟ್ಟುತ್ತದೆ. ತೊಗಲು ಕುಗ್ಗಿ ಹೊಲಿಗೆ ಬಿರಿಯುತ್ತದೆ, ಬಾಕು ಸಲೀಸಾಗಿ ಒಳಗೆ ಹೋಗುವುದಿಲ್ಲ. ಒಳಹೊರಗೆ ಎಳೆದೆಳೆದು ಅಲಗಿನ ಮೇಲೆ ಉದ್ದುದ್ದ ಗೀರು ಬಿದ್ದಿರುತ್ತದೆ. ನೂರೈವತ್ತು ಮಳೆಗಾಲ ಇದೇ ಊರಲ್ಲಿ ಕಳೆದದ್ದು ಎಂದು ಹೇಳುವ ಒರೆಗೆ ಬೂಷ್ಟಿನ ಒಂದು ಕಲೆಯೂ ಇಲ್ಲದಿದ್ದರೆ, ಅದು ಇದ್ದದ್ದು ನಮ್ಮ ಮಳೆಯಲ್ಲಲ್ಲ. ನೋಟು ಪರೀಕ್ಷಿಸುವ ನೀಲಿ ಲೈಟನ್ನು ಕತ್ತಲಲ್ಲಿ ಹೊಲಿಗೆಯ ಮೇಲೆ ಬಿಡಿ. ಇತ್ತೀಚಿನ ಬಿಳಿ ದಾರ ಹಬ್ಬದ ದೀಪದ ಹಾಗೆ ಬೆಳಗುವುದುಂಟು.

ಮುದ್ರೆ ನೋಡಿ ಕೊಳ್ಳುವವರು ನಿಮ್ಮಲ್ಲಿ ಬಹಳ. ‘ಸೋಲಿಂಗೆನ್’ ಎಂದಿದೆಯಲ್ಲ, ಇನ್ನೇನು ಎನ್ನುತ್ತೀರಿ. ವುಪ್ಪರ್ ನದಿಯ ದಂಡೆಯ ಆ ಊರು ಶತಮಾನಗಳಿಂದ ಅಲಗಿನ ಊರು ಹೌದು. ಆ ಹೆಸರನ್ನು ಕಾಪಾಡಲಿಕ್ಕೆ 1938ರಲ್ಲಿ ಜರ್ಮನಿ ಒಂದು ಕಾನೂನನ್ನೇ ಮಾಡಿತು. ಕಾನೂನು ಬೇಕಾಯಿತು ಎಂದರೆ ಕಳ್ಳತನ ಎಷ್ಟಿತ್ತು ಲೆಕ್ಕ ಹಾಕಿ. ಪಾಸಾವು ಊರಿನ ‘ಓಡುವ ತೋಳ’ದ ಗುರುತನ್ನು ಸೋಲಿಂಗೆನ್ನಿನವರೇ ಹಿಂದೆ ಎತ್ತಿಕೊಂಡಿದ್ದರು. ನಮ್ಮ ದೇಶವೂ ಸಾಚಾ ಅಲ್ಲ. ಪೋರ್ಚುಗೀಸರ ಕಾಲದಿಂದ ಯುರೋಪಿನ ಅಲಗುಗಳು ಬಂದು ಇಲ್ಲಿನ ಹಿಡಿ ಸೇರಿ ‘ಫಿರಂಗಿ’ ಎಂಬ ಕತ್ತಿಗಳಾದವು. ಬೇಡಿಕೆ ಹೆಚ್ಚಿದಾಗ ಇಲ್ಲಿನ ಕಮ್ಮಾರರು ಸ್ವದೇಶಿ ಅಲಗಿಗೆ ವಿದೇಶಿ ಗುರುತು ಒತ್ತಿದರು. ಹಾಗಾಗಿ ಕಳ್ಳಮುದ್ರೆಗೆ ನೂರಾರು ವರ್ಷದ ಇತಿಹಾಸವಿದೆ, ಆ ಮಟ್ಟಿಗೆ ಅದೂ ಆಂಟಿಕ್.

ಇನ್ನೊಂದು ತಮಾಷೆ. ‘ಮೇಡ್ ಇನ್ ಜರ್ಮನಿ’ ಎಂಬ ಮಾತು ಹುಟ್ಟಿದ್ದು ಹೊಗಳಲು ಅಲ್ಲ. ಸೋಲಿಂಗೆನ್ನಿನ ಅಗ್ಗದ ಚಾಕುಗಳು ಶೆಫೀಲ್ಡ್ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. ಅದಕ್ಕೆ ಸಿಟ್ಟಾಗಿ ಬ್ರಿಟನ್ 1887ರಲ್ಲಿ ಅಂಥ ಮಾಲಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕು ಎಂದು ಕಾನೂನು ತಂದಿತು, 1889ರಲ್ಲಿ ಇಂಡಿಯಾಕ್ಕೂ ಅಂಥದ್ದೇ ಬಂತು. ನಕಲಿ ಮಾಲಿನ ಮೈಮೇಲೆ ಒತ್ತಿದ ಬರೆ ಕೆಲವೇ ವರ್ಷದಲ್ಲಿ ಗುಣಮಟ್ಟದ ಗುರುತಾಯಿತು. ನಿಮಗೆ ಇದರಿಂದ ಇರುವ ಉಪಯೋಗ ಇಷ್ಟೇ: ಆ ಮಾತು ಒತ್ತಿದ ಅಲಗಿನ ಪಕ್ಕದ ಫಲಕದಲ್ಲಿ ‘1850’ ಎಂದಿದ್ದರೆ ಫಲಕವನ್ನು ಮೊದಲು ಕೀಳಿ.

ಹದ್ದಿನ ಗುರುತಿರುವ, 1930ರ ದಶಕದ ಜರ್ಮನ್ ಅರಣ್ಯ ಇಲಾಖೆಯ ಬಾಕು ಎಂದು ಒಬ್ಬ ಕಳಸದಲ್ಲಿ ತೋರಿಸಿದ. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ಸರಕಿನಲ್ಲಿ ಹಿಟ್ಲರ್ ಕಾಲದ್ದೂ ಒಂದು. ಅಸಲಿಯೇ ಆದರೂ, ನೀರ್‌ದೋಸೆ ತಿನ್ನುವವರ ತಲೆಯ ಮೇಲೆ ಅದು ತೂಗುವುದು ನನಗೆ ಸೇರುವುದಿಲ್ಲ. ಅಷ್ಟೇ.

ನಕಲು ಮಾಡುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಡೆಹ್ರಾಡೂನ್‌ನಲ್ಲಿ ಹಳೆಯ ಮಾದರಿಯ ಕತ್ತಿ, ಬಾಕು ತಯಾರಿಸಿ ನಾಟಕ, ಸಿನಿಮಾ, ಸಮವಸ್ತ್ರದವರಿಗೆ ರಾಜಾರೋಷವಾಗಿ ಮಾರುವ ಕಾರ್ಖಾನೆಗಳಿವೆ; ಅವರು ನಕಲು ಎಂದೇ ಮಾರುತ್ತಾರೆ. ಸೋಲಿಂಗೆನ್ನಿನಲ್ಲೂ ಯುದ್ಧದ ನಂತರ ಹಳೆಯ ಮಾದರಿಯಲ್ಲೇ ಹೊಸ ಬಾಕು ಮಾಡಿದ್ದಾರೆ. ಗೋಡೆಗೆ ಅಂದವಾದ ವಸ್ತು ಬೇಕಿದ್ದರೆ ಅವನ್ನು ಕೊಂಡು ‘ಹೊಸದು’ ಎಂದು ಬರೆದು ತೂಗುಹಾಕಿ. ಮೋಸ ಹುಟ್ಟುವುದು ಕಾರ್ಖಾನೆಯಲ್ಲಲ್ಲ; ಕಾರ್ಖಾನೆಯಿಂದ ನಿಮ್ಮ ಜಗಲಿಗೆ ಬರುವ ದಾರಿಯಲ್ಲಿ, ಚಹಾ ಕುಡಿಯುವ ಹೊತ್ತಿನಲ್ಲಿ.

ಆ ಚಹಾದ ಹೊತ್ತಿನಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಹೇಳಿಕೊಡುತ್ತೇನೆ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. “ಲೈಸೆನ್ಸ್ ತೋರಿಸಿ” ಎನ್ನಿ. ಲೈಸೆನ್ಸ್ ಬೇಡ ಎಂದರೆ ಸರಕು ಹಳತಲ್ಲ. ಹಳತು ಎಂದರೆ ಲೈಸೆನ್ಸ್ ಎಲ್ಲಿ? ಹಿಡಿಯ ಬಗ್ಗೆಯೂ ಹಾಗೆಯೇ. “ಅಪ್ಪಟ ಕಡವೆ ಕೊಂಬು ಸಾರ್” ಎನ್ನುತ್ತಾನೆ. ಒಂದು ಕಾಲದಲ್ಲಿ ನಮ್ಮ ಕಾಡುಗಳ ಕಡವೆ ಕೊಂಬು ಹಡಗು ಹತ್ತಿ ಶೆಫೀಲ್ಡ್, ಸೋಲಿಂಗೆನ್‌ಗಳ ಚಾಕುವಿನ ಹಿಡಿಯಾಗುತ್ತಿತ್ತು, ನಿಜ. ಈಗ ವನ್ಯಜೀವಿ ಕಾಯ್ದೆಯಡಿ ಅದರ ಮಾರಾಟ ಅಪರಾಧ. ಅವನು ಹೇಳಿದ್ದು ನಿಜವಾದರೆ ಅರಣ್ಯ ಇಲಾಖೆಯವರು ಬರುತ್ತಾರೆ, ಸುಳ್ಳಾದರೆ ನಿಮ್ಮ ಹಣ ಹೋಯಿತು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಗದ್ದಲ ಎದ್ದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಕುತ್ತಿಗೆಯ ಸರ ಬಿಚ್ಚಿ ಒಳಗಿಟ್ಟರು ಎಂಬುದು ನನಗಿಂತ ನಿಮಗೇ ಗೊತ್ತು. ಪ್ಲಾಸ್ಟಿಕ್ ಹಿಡಿಯಾದರೆ ಎರಡೂ ಬದಿಯ ಗೀರುಗಳು ಕನ್ನಡಿಯಲ್ಲಿ ಕಂಡಷ್ಟು ಒಂದೇ ಥರ. ನಿಜವಾದ ಕೊಂಬಿನ ಕತ್ತರಿಸಿದ ತುದಿಯಲ್ಲಿ ನಡುವೆ ರಂಧ್ರ ರಂಧ್ರವಾದ ತಿರುಳು ಕಾಣುತ್ತದೆ.

ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾಗಿದ್ದರೆ ಅದು ಆಯುಧ ನಿಯಮಗಳ ಪಟ್ಟಿಯೊಳಗೆ ಬರುತ್ತದೆ. ಮನೆಗೆಲಸಕ್ಕೆ, ಕೃಷಿಗೆ ಮಾಡಿದಂಥವು ಹೊರತು. ನಿಮ್ಮ ತೋಟದ ಕತ್ತಿ ಪಾರಾಗುತ್ತದೆ, ಜಿಂಕೆ ಹಿಡಿಯುವ ಬಾಕು ಪಾರಾಗುವುದಿಲ್ಲ. ತೂಗುಹಾಕುವ ಮೊದಲು ಠಾಣೆಯಲ್ಲಿ ಒಂದು ಮಾತು ಕೇಳುವುದು ಕ್ಷೇಮ. ಆಯುಧದ ಲೈಸೆನ್ಸಿನಿಂದ ಕೊಡವರಿಗೆ ಇರುವ ವಿನಾಯಿತಿ ಕೊಡವರಿಗೆ. ಮಡಿಕೇರಿಯಲ್ಲಿ ಪೀಚೆಕತ್ತಿ ಕೊಂಡುತಂದ ಮಾತ್ರಕ್ಕೆ ಅದು ನಮಗೂ ಬರುವುದಿಲ್ಲ.

ಈಗ ದೊರೆಗಳ ಸೊಂಟದ ವಿಷಯ. ದಕ್ಷಿಣದ ಶಿಕಾರಿ ದೊರೆಗಳು ಬಹಳ ಮೆಚ್ಚಿದ ಬೇಟೆ ಚಾಕು ಜರ್ಮನಿಯದಲ್ಲ, ಸೇಲಂನದು. ಕಂಜಮಲೈ ಗುಡ್ಡದ ಕಬ್ಬಿಣದ ಊರು ಅದು. ಅಲ್ಲಿನ ಅರುಣಾಚಲಂ ಎಂಬ ಕಮ್ಮಾರರ ಚಾಕು, ಹಂದಿ ಈಟಿಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಹೆಸರಿತ್ತು. ಅಲಗಿನ ಬುಡದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರು, ಕೆಳಗೆ ‘ಸೇಲಂ’. ಇವು ಈಗ ಲಂಡನ್ನಿನ ಹರಾಜಿನಲ್ಲಿ ಆಗೀಗ ಕಾಣಿಸುತ್ತವೆ. ಅರುಣಾಚಲಂ ಯಾರು ಎಂದು ನಮ್ಮಲ್ಲಿ ಕೇಳಿದರೆ ರಮಣ ಮಹರ್ಷಿಗಳ ಬೆಟ್ಟ ತೋರಿಸುತ್ತಾರೆ.

ನಮ್ಮ ಮನೆಯಲ್ಲಿ ಒಂದಿತ್ತು. ಇತ್ತು ಎಂದು ತಿಳಿದದ್ದು ತೀರಾ ಈಚೆಗೆ. ಅಜ್ಜ ದೊರೆಯ ತೋಟದಲ್ಲಿ ರೈಟರಾಗಿದ್ದವರು. ದೊರೆ ತೋಟ ಮಾರಿ ಊರಿಗೆ ಹೊರಟಾಗ ಹಂಚಿಹೋದ ಸಾಮಾನಿನಲ್ಲಿ ಅವರ ಪಾಲಿಗೆ ಬಂದದ್ದು ಒಂದು ಮುರಿದ ಕುರ್ಚಿ, ಒಂದು ಚಾಕು. ಕೊಂಬಿನ ಹಿಡಿ ಯಾವಾಗಲೋ ಒಡೆದಿತ್ತು. ಅಜ್ಜ ಊರಿನ ಆಚಾರ್ರ ಕುಲುಮೆಗೆ ಒಯ್ದು ಬೈನೆ ಮರದ ಹಿಡಿ ಹಾಕಿಸಿದರು, ಹಿತ್ತಾಳೆ ಮೊಳೆ ಮೂರು. ಎಂಟು ಇಂಚಿನ ಅಲಗು ಮಸೆದು ಮಸೆದು ಸವೆದು ಬಾಳೆಲೆಯ ತುದಿಯ ಹಾಗಾಗಿದೆ. ನಾನು ಮೂವತ್ತು ವರ್ಷದಿಂದ ಕಂಡ ಚಾಕು ಅದು. ಒಂದು ದಿನ ಲಿಂಬೆರಸ ತಾಗಿ ಬುಡ ಸ್ವಲ್ಪ ಬೆಳ್ಳಗಾದಾಗ ‘ಲಂ’ ಎಂಬಷ್ಟು ಅಕ್ಷರ ಎದ್ದು ಕಂಡಿತು. ಮಿಕ್ಕದ್ದು ಮಸೆಗಲ್ಲಿನ ಹೊಟ್ಟೆಗೆ ಹೋಗಿದೆ. ಮಾರಲು ಹೋದರೆ ಯಾರೂ ಕೊಳ್ಳುವುದಿಲ್ಲ: ಹೆಸರು ಅರ್ಧ, ಹಿಡಿ ಬೇರೆಯದು, ಒರೆ ಇಲ್ಲ. ಆದರೆ ಅದು ಎಲ್ಲಿಂದ ಬಂತು, ಯಾರ ಕೈ ದಾಟಿತು, ಹಿಡಿ ಹಾಕಿದ್ದು ಯಾವ ಕುಲುಮೆ, ಎಲ್ಲವನ್ನೂ ಹೇಳಬಲ್ಲೆ. ನಲವತ್ತು ಸಾವಿರದ ಬಾಕಿನ ಬಗ್ಗೆ ನೀವು ಅಷ್ಟು ಹೇಳಬಲ್ಲಿರಾ?

ನಾನು ಕೇಳುವುದು ಸಣ್ಣದು. ಈ ಮಳೆಗಾಲದಲ್ಲಿ ಬುಕಿಂಗ್ ಕಮ್ಮಿ ಇರುವ ಒಂದು ದಿನ ನಿಮ್ಮ ಅಟ್ಟ ಹತ್ತಿ. ಗುಜರಿಯವನಿಗೆ ಕೆಜಿ ಲೆಕ್ಕದಲ್ಲಿ ಹಾಕಲು ಇಟ್ಟ ಕಬ್ಬಿಣದ ರಾಶಿ ಕೆದಕಿ. ಸವೆದ ಕಸಿ ಚಾಕು, ಸೊಂಟದ ಕೊಕ್ಕೆ, ಲಾರಿ ಪ್ಲೇಟಿನಿಂದ ಬಡಿದ ಕತ್ತಿ, ಯಾವುದಾದರೂ ಸಿಗುತ್ತದೆ. ಸಿಕ್ಕ ಕೂಡಲೇ ಹುಣಸೆಹಣ್ಣು, ಬೂದಿ, ಮರಳುಕಾಗದ ಹಿಡಿದು ತಿಕ್ಕಬೇಡಿ; ನೂರು ವರ್ಷದ ಸಾಕ್ಷಿ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಜಿಡ್ಡು ಕಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ತೊಗಲಿನ ಒರೆಯಿಂದ ಹೊರಗೇ ಇಡಿ. ಮಳೆಗಾಲದಲ್ಲಿ ಒರೆ ನೀರು ಕುಡಿದ ಸ್ಪಂಜು. ಮನೆಯ ಹಿರಿಯರು ಇದ್ದರೆ ಇವತ್ತೇ ಕೂತು, ಅದು ಯಾರದ್ದು, ಯಾವಾಗಿನದ್ದು ಎಂದು ಕೇಳಿ ಬರೆದಿಡಿ. ಅಕ್ಷರವೇನಾದರೂ ಕಂಡರೆ ನನಗೂ ತೋರಿಸಿ, ಭೂತಗನ್ನಡಿ ತರುತ್ತೇನೆ. ಕಾಫಿ ನಿಮ್ಮದು.

ನಮ್ಮ ಮನೆಯ ಚಾಕನ್ನು ನೋಡಲು ಬರುವವರು ಜಗಲಿಯ ಗೋಡೆಯಲ್ಲಿ ಹುಡುಕಬೇಡಿ. ಹಲಸಿನ ಕಾಲವಾದ್ದರಿಂದ ಸದ್ಯ ಅಡಿಗೆಮನೆಯಲ್ಲಿದೆ, ಮೇಣ ಮೆತ್ತಿಕೊಂಡು.

ಇಂತಿ,
ನಿಮ್ಮ ಹಾಗೆಯೇ ಮೆಣಸಿನ ಬೆಲೆ ನೋಡುತ್ತ ಕೂತಿರುವ ಕಳಸ ಕಡೆಯ ಒಬ್ಬ ಬೆಳೆಗಾರ